ಮಂಗಳವಾರ ಸಂಜೆ ಏನು ಮಾಡ್ತೀಯ?

ಗೆಳತಿಯೊಬ್ಬಳು ಪ್ರತಿ ವರ್ಷದ ಕೊನೆಯಲ್ಲಿ ಮುಂದಿನ ವರ್ಷದ ಗುರಿಗಳನ್ನು ಬರೆದಿಡುತ್ತಾಳೆ. ಅದಕ್ಕೆಂದೇ ಒಂದು ದಪ್ಪ ನೋಟ್‌ಬುಕ್ ಇಟ್ಟಿದ್ದಾಳೆ. ಒಂದು ಸಲ ಅದನ್ನು ನನ್ನ ಕೈಗೆ ಕೊಟ್ಟು, "ಓದಿ ಹೇಳು, ಹೇಗಿದೆ ಅಂತ" ಅಂದಳು. ಒಂದೊಂದು ಗುರಿಗೂ ಒಂದೊಂದು ಪುಟ. ಹೊಸ ಭಾಷೆ ಕಲಿಯುವುದು, ತೂಕ ಇಳಿಸುವುದು, ಸಾಲ ತೀರಿಸುವುದು, ಅರ್ಧಕ್ಕೆ ನಿಂತ ಓದು ಮುಗಿಸುವುದು, ಅಮ್ಮನ ಜೊತೆ ಜಾಸ್ತಿ ಹೊತ್ತು ಕಳೆಯುವುದು. ಯಾವುದನ್ನೂ ಸುಮ್ನೆ ಬರೆದಿರಲಿಲ್ಲ. ಎಲ್ಲವೂ ಅವಳಿಗೆ ನಿಜಕ್ಕೂ ಬೇಕಾದವು. ಓದಿ ಮುಗಿಸಿದ ಮೇಲೆ ನನ್ನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ: "ಮಂಗಳವಾರ ಸಂಜೆ ಏನು ಮಾಡ್ತೀಯ?" ಅವಳಿಗೆ ಅರ್ಥವಾಗಲಿಲ್ಲ. "ಯಾವ ಮಂಗಳವಾರ?" ಅಂದಳು. "ಯಾವುದಾದ್ರೂ ಸರಿ. ಬರೋ ಮಂಗಳವಾರ ಅಂತಿಟ್ಕೋ." ಅವಳು ಸ್ವಲ್ಪ ಯೋಚಿಸಿ ಹೇಳುತ್ತಾ ಹೋದಳು. ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ಏಳೂವರೆ. ಅಡುಗೆ, ಊಟ, ಮಗನ ಹೋಮ್‌ವರ್ಕ್. ಆಮೇಲೆ ಫೋನ್ ನೋಡುತ್ತಾ ಕೂತರೆ ಹತ್ತೂವರೆ. ಅಂದರೆ ಕಳೆದ ಮಂಗಳವಾರ ಹೇಗಿತ್ತೋ ಹಾಗೆಯೇ. ನೋಟ್‌ಬುಕ್ಕಿನಲ್ಲಿ ಇಡೀ ವರ್ಷ ಬದಲಾಗಿತ್ತು. ವಾರದ ಒಂದು ಸಂಜೆಯೂ ಬದಲಾಗಿರಲಿಲ್ಲ.

ಆ ಪ್ರಶ್ನೆ ಅವಳಿಗಿಂತ ಜಾಸ್ತಿ ನನ್ನನ್ನೇ ಕಾಡಿತು. ಯಾರಾದರೂ ತಮ್ಮ ಗುರಿಯ ಬಗ್ಗೆ ಹೇಳುವಾಗ ಈಗ ನಾನು ಗಮನ ಕೊಟ್ಟು ಕೇಳುತ್ತೇನೆ. ಏನು ಬೇಕು ಅಂತ ಎಲ್ಲರೂ ಚೆನ್ನಾಗಿ ಹೇಳುತ್ತಾರೆ. ಯಾಕೆ ಬೇಕು ಅಂತಲೂ ಹೇಳುತ್ತಾರೆ. ಯಾವ ಹೊತ್ತಿನಲ್ಲಿ ಅಂತ ಕೇಳಿದರೆ ಮಾತು ನಿಧಾನವಾಗುತ್ತದೆ. "ಬಿಡುವಾದಾಗ" ಅನ್ನುತ್ತಾರೆ. ಬಿಡುವು ತಾನಾಗಿ ಬರುವುದಿಲ್ಲ ಅಂತ ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆರಂಭಶೂರತ್ವ ಅಂತ ನಾವು ಬೈಯುವುದರಲ್ಲಿ ಬಹುಪಾಲು ಛಲದ ಕೊರತೆಯೇ ಅಲ್ಲ ಅಂತ ನನಗೆ ಅನ್ನಿಸಲು ಶುರುವಾದದ್ದು ಹೀಗೆ. ಆ ಗುರಿಗೆ ದಿನದಲ್ಲಿ ಜಾಗವೇ ಇರುವುದಿಲ್ಲ. ಜಾಗ ಇಲ್ಲದಲ್ಲಿ ಎಷ್ಟು ಛಲ ಇದ್ದು ಏನು ಮಾಡುವುದು?

ಮರದ ಲಾರಿಗಳು

ಗುರಿಗಳ ಬಗ್ಗೆ ಮನಶ್ಶಾಸ್ತ್ರದಲ್ಲಿ ದೊಡ್ಡ ಕೆಲಸ ಮಾಡಿದವರು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್. ಲಾಕ್ ಅವರ ಮುಖ್ಯ ಲೇಖನ 1968ರಲ್ಲಿ ಬಂತು. 2002ರಲ್ಲಿ ಇಬ್ಬರೂ ಸೇರಿ ಮೂವತ್ತೈದು ವರ್ಷಗಳ ಸಂಶೋಧನೆಯನ್ನು ಒಂದೇ ಲೇಖನದಲ್ಲಿ ತಂದರು. ಹೇಳಿದ್ದು ಇಷ್ಟು: "ನಿನ್ನ ಕೈಲಾದಷ್ಟು ಮಾಡು" ಅಂದಾಗ ಆಗುವುದಕ್ಕಿಂತ, ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ ಕೊಟ್ಟಾಗ ಜನ ಜಾಸ್ತಿ ಕೆಲಸ ಮಾಡುತ್ತಾರೆ. ಇದಕ್ಕೆ ಅವರ ಬಳಿ ಇದ್ದ ಒಂದು ಸಾಕ್ಷಿ ನನಗೆ ತುಂಬ ಇಷ್ಟ. 1975ರಲ್ಲಿ ಲೇಥಮ್ ಮತ್ತು ಜೇಮ್ಸ್ ಬಾಲ್ಡಿಸ್ ಪ್ರಕಟಿಸಿದ ಅಧ್ಯಯನ ಅದು. ಅಮೆರಿಕದಲ್ಲಿ ಕಾಡಿನಿಂದ ಕಾರ್ಖಾನೆಗೆ ಮರದ ದಿಮ್ಮಿ ಸಾಗಿಸುವ ಲಾರಿಗಳು ಕಾನೂನು ಒಪ್ಪುವ ಭಾರದ ಸುಮಾರು ಶೇಕಡಾ 60ರಷ್ಟು ಮಾತ್ರ ತುಂಬಿಕೊಂಡು ಓಡಾಡುತ್ತಿದ್ದವು. ಚಾಲಕರಿಗೆ ಶೇಕಡಾ 94ರ ಗುರಿ ಕೊಟ್ಟರು. ದುಡ್ಡು ಜಾಸ್ತಿ ಕೊಡುತ್ತೇವೆ ಅನ್ನಲಿಲ್ಲ, ಗುರಿ ಮುಟ್ಟದಿದ್ದರೆ ಶಿಕ್ಷೆ ಅಂತಲೂ ಅನ್ನಲಿಲ್ಲ. ಕೆಲವೇ ತಿಂಗಳಲ್ಲಿ ಲಾರಿಗಳು ಸುಮಾರು ಶೇಕಡಾ 90ರವರೆಗೆ ತುಂಬತೊಡಗಿದವು.

ಇದನ್ನು ಓದಿದವರೆಲ್ಲ ಶೇಕಡಾ 94ರ ಬಗ್ಗೆ ಮಾತಾಡುತ್ತಾರೆ. ಸಂಖ್ಯೆ ಇರಬೇಕು, ಅಳೆಯಲು ಬರಬೇಕು ಅನ್ನುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಲಾರಿ. ಆ ಚಾಲಕನಿಗೆ ಗುರಿ ನೆನಪಾಗಬೇಕಾದ ಹೊತ್ತು ಮೊದಲೇ ಗೊತ್ತಾಗಿತ್ತು. ದಿಮ್ಮಿ ಏರಿಸುವಾಗ. ಅದು ದಿನಕ್ಕೆ ಹಲವು ಸಲ ತಾನಾಗಿ ಬರುತ್ತಿತ್ತು. ಅವನು ಬೆಳಿಗ್ಗೆ ಎದ್ದು "ಇವತ್ತು ಗುರಿಗೆ ಟೈಮ್ ಹೇಗೆ ಮಾಡ್ಕೊಳ್ಳಲಿ" ಅಂತ ಯೋಚಿಸಬೇಕಿರಲಿಲ್ಲ. ಲಾರಿ ನಿಂತಿದೆ, ದಿಮ್ಮಿ ಇದೆ, ತುಂಬುವ ಹೊತ್ತೂ ಇದೆ. ಇನ್ನಷ್ಟು ತುಂಬಿದರಾಯ್ತು. ಕಚೇರಿಯ ಗುರಿಗಳೆಲ್ಲ ಹೀಗೆಯೇ. ಎಂಟು ಗಂಟೆಯನ್ನು ಸಂಸ್ಥೆ ಮೊದಲೇ ತೆಗೆದುಕೊಂಡಿರುತ್ತದೆ, ಆ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದಷ್ಟೇ ಪ್ರಶ್ನೆ. ನಮ್ಮ ಸ್ವಂತ ಗುರಿಗೆ ಇಂಥ ಅನುಕೂಲ ಇಲ್ಲ. ಹೊಸ ಭಾಷೆ ಕಲಿಯಬೇಕು ಅಂದುಕೊಂಡವಳ ಮನೆ ಮುಂದೆ ಯಾವ ಲಾರಿಯೂ ಬಂದು ನಿಲ್ಲುವುದಿಲ್ಲ. ಆ ಹೊತ್ತನ್ನು ಅವಳೇ ಹುಡುಕಬೇಕು, ಅವಳೇ ಕಾಯಬೇಕು. ಕಂಪನಿಗಳಿಗೆಂದು ಹುಟ್ಟಿದ ಗುರಿಯ ಸೂತ್ರಗಳನ್ನು ಮನೆಗೆ ತಂದಾಗ ನಾವು ಸಂಖ್ಯೆಯನ್ನು ತಂದೆವು, ಗಡುವನ್ನು ತಂದೆವು. ಹೊತ್ತು ಮಾತ್ರ ಅಲ್ಲೇ ಉಳಿಯಿತು.

ಬರೆದಾಗಲೇ ಸಿಗುವ ಖುಷಿ

ಗುರಿ ಬರೆದಿಡಬೇಕು ಅಂತ ಹೇಳುವವರು ಸಾಮಾನ್ಯವಾಗಿ ಒಂದು ಕಥೆ ಹೇಳುತ್ತಾರೆ. 1953ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಪಾಸಾದವರಲ್ಲಿ ಶೇಕಡಾ 3ರಷ್ಟು ಮಂದಿ ಮಾತ್ರ ಗುರಿಗಳನ್ನು ಬರೆದಿಟ್ಟಿದ್ದರಂತೆ. ಇಪ್ಪತ್ತು ವರ್ಷ ಆದ ಮೇಲೆ ನೋಡಿದರೆ ಉಳಿದ 97 ಭಾಗದ ಜನರ ಒಟ್ಟು ಆಸ್ತಿಗಿಂತ ಇವರದ್ದೇ ಜಾಸ್ತಿ ಇತ್ತಂತೆ. ಎಷ್ಟು ಭಾಷಣಗಳಲ್ಲಿ ಇದನ್ನು ಕೇಳಿದ್ದೇವೋ! ಅಂಥ ಅಧ್ಯಯನ ನಡೆದೇ ಇಲ್ಲ. ಆ ವಿಶ್ವವಿದ್ಯಾಲಯವೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಬರೆಯುವುದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬರೆದರೆ ತಲೆ ತಿಳಿಯಾಗುತ್ತದೆ. ಆದರೆ ಬರೆದ ಕೂಡಲೇ ಒಂದು ನೆಮ್ಮದಿ ಬರುತ್ತದಲ್ಲ, ಅದರ ಬಗ್ಗೆ ಸ್ವಲ್ಪ ಹುಷಾರಾಗಿರಬೇಕು.

ಗೇಬ್ರಿಯೆಲ್ ಓಟಿಂಗೆನ್ ಅನ್ನುವ ಮನಶ್ಶಾಸ್ತ್ರಜ್ಞೆ ಈ ನೆಮ್ಮದಿಯನ್ನೇ ಹಿಡಿದು ದಶಕಗಳ ಕಾಲ ಕೆಲಸ ಮಾಡಿದ್ದಾರೆ. 1991ರಲ್ಲಿ ಥಾಮಸ್ ವಾಡೆನ್ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ ಮಹಿಳೆಯರನ್ನು ಎರಡು ಬೇರೆ ಬೇರೆ ವಿಷಯ ಕೇಳಿದ್ದರು. ಒಂದು, ನಿಮ್ಮ ಕೈಲಿ ಆಗುತ್ತದೆ ಅನ್ನುವ ನಂಬಿಕೆ ಎಷ್ಟಿದೆ? ಇನ್ನೊಂದು, ಮುಂದಿನ ದಿನಗಳನ್ನು ಹೇಗೆ ಕಲ್ಪಿಸಿಕೊಳ್ಳುತ್ತೀರಿ? ನಂಬಿಕೆ ಜಾಸ್ತಿ ಇದ್ದವರು ಜಾಸ್ತಿ ತೂಕ ಇಳಿಸಿದರು. ಸಣ್ಣಗಾಗಿ, ಎಲ್ಲರೂ ಹೊಗಳಿ, ತಿಂಡಿ ಕಂಡರೂ ಆಸೆಯೇ ಆಗದೆ ಇರುವ ಚಂದದ ಚಿತ್ರ ಕಲ್ಪಿಸಿಕೊಂಡವರು ಕಡಿಮೆ ಇಳಿಸಿದರು. ಎರಡಕ್ಕೂ ಇರುವ ವ್ಯತ್ಯಾಸ ಗಮನಿಸಿ. ಮೊದಲನೆಯದು ಭರವಸೆ. ಎರಡನೆಯದರಲ್ಲಿ ಮನಸ್ಸು ಆಗಲೇ ಅಲ್ಲಿ ಹೋಗಿ ಕೂತುಬಿಟ್ಟಿದೆ. 2011ರಲ್ಲಿ ಹೀಥರ್ ಕ್ಯಾಪ್ಸ್ ಮತ್ತು ಓಟಿಂಗೆನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಂಥ ಸಿಹಿ ಕಲ್ಪನೆಯಲ್ಲಿ ಮುಳುಗಿದವರ ದೇಹದ ಹುರುಪೇ ಇಳಿಯುತ್ತದೆ ಅಂತ ರಕ್ತದೊತ್ತಡ ಅಳೆದು ತೋರಿಸಿದರು. ದೇಹ ವಿಶ್ರಾಂತಿಗೆ ಜಾರುತ್ತದೆ, ಕೆಲಸ ಮುಗಿದಿದೆಯೋ ಅನ್ನುವ ಹಾಗೆ.

ಓಟಿಂಗೆನ್ ಹೇಳುವ ಪರಿಹಾರ ಸರಳ. ಬೇಕಾದದ್ದನ್ನು ಕಲ್ಪಿಸಿಕೊಳ್ಳಿ, ಕೂಡಲೇ ಅದರ ಎದುರಿಗೆ ನಿಮ್ಮೊಳಗಿನ ಅಡ್ಡಿ ಯಾವುದು ಅಂತ ಕಲ್ಪಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ ನೋಡಿ. ನನಗೆ ಇದರಲ್ಲಿ ಮೆಚ್ಚುಗೆಯಾದದ್ದು ಏನೆಂದರೆ, ಅಡ್ಡಿಯನ್ನು ಹುಡುಕಲು ಹೋದರೆ ತಾನಾಗಿ ಒಂದು ಹೊತ್ತಿಗೆ ಬಂದು ನಿಲ್ಲುತ್ತೇವೆ. "ಸೋಮಾರಿತನ" ಅಂತ ಬರೆದರೆ ಅಡ್ಡಿ ಸಿಕ್ಕಿದ ಹಾಗಾಗಲಿಲ್ಲ. ಕೆಲಸದಿಂದ ಬಂದು ಬ್ಯಾಗ್ ಇಟ್ಟು ಸೋಫಾದಲ್ಲಿ ಕೂತ ಮೊದಲ ಹತ್ತು ನಿಮಿಷ ಅಂತ ಬರೆದರೆ ಸಿಕ್ಕಿತು. ಗುರಿ ಬೀಳುವುದು ಅಲ್ಲೇ. ಇಡೀ ದಿನ ಅದು ಚೆನ್ನಾಗಿಯೇ ಇರುತ್ತದೆ, ಆ ಹತ್ತು ನಿಮಿಷದಲ್ಲಿ ಬೀಳುತ್ತದೆ.

ಚಿಕ್ಕಮ್ಮ ಈಜು ಕಲಿತದ್ದು

ನನ್ನ ಚಿಕ್ಕಮ್ಮ ಈಜು ಕಲಿತದ್ದು ಐವತ್ತು ದಾಟಿದ ಮೇಲೆ. ಚಿಕ್ಕಂದಿನಿಂದಲೂ ನೀರೆಂದರೆ ಹೆದರಿಕೆ. ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವರಲ್ಲ. ಕಲೀಬೇಕು ಅಂತ ಯಾಕೆ ಅನ್ನಿಸಿತು ಅಂತ ಕೇಳಿದರೆ, "ಹೆದ್ರಿಕೊಂಡೇ ಸಾಯಬೇಕಾ?" ಅಂತ ನಮ್ಮನ್ನೇ ಕೇಳುತ್ತಿದ್ದರು. ವಾರಕ್ಕೆ ಮೂರು ದಿನ ಬೆಳಿಗ್ಗೆ ಆರರಿಂದ ಏಳು. ಮನೆಯಲ್ಲಿ ಕೆಲವರಿಗೆ ಇದು ಎಷ್ಟು ದಿನದ ಉತ್ಸಾಹವೋ ಅನ್ನಿಸಿತ್ತು. ಒಂದು ದಿನ ನಾನೂ ಜೊತೆಗೆ ಹೋದೆ.

ಕೊಳದ ಕಡಿಮೆ ಆಳದ ಬದಿಯಲ್ಲಿ, ಗೋಡೆಯ ಸರಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ನೀರು ಎದೆಯವರೆಗೆ. ರಬ್ಬರ್ ಟೋಪಿ ಹಣೆಯ ಮೇಲೆ ಗೆರೆ ಮೂಡಿಸಿತ್ತು. ಸರಳು ಹಿಡಿದ ಬೆರಳುಗಳ ಗೆಣ್ಣು ಬೆಳ್ಳಗಾಗಿದ್ದವು. ಪಕ್ಕದ ಸಾಲಿನಲ್ಲಿ ಮಕ್ಕಳು ಸರಾಗವಾಗಿ ಆಚೆ ಈಚೆ ಈಜುತ್ತಿದ್ದರು. ನಾನು ದಡದಲ್ಲಿ ಕೂತಿದ್ದೆ. ಚಿಕ್ಕಮ್ಮ ನನ್ನ ಕಡೆ ತಿರುಗಿ, "ಇವತ್ತು ಮುಖ ಮುಳುಗಿಸಿ ಐದು ಎಣಿಸ್ಬೇಕು. ಅಷ್ಟೇ" ಅಂದರು. ಬಾಯಿಂದ ಉಸಿರು ಎಳೆದುಕೊಂಡು ಮುಖ ಇಳಿಸಿದರು. ಮೂರಕ್ಕೆ ಎದ್ದರು. ಮೂಗಿಗೆ ನೀರು ಹೋಗಿ ಕೆಮ್ಮು. ಕಣ್ಣು ಕೆಂಪಾಗಿತ್ತು. ಕಲಿಸುವ ಹುಡುಗಿ ಬೆನ್ನು ತಟ್ಟಿ, "ಒಳಗೆ ಇರುವಾಗ ಮೂಗಿಂದ ಗಾಳಿ ಬಿಡಿ ಆಂಟಿ, ಗುಳ್ಳೆ ಬರಬೇಕು" ಅಂತ ತೋರಿಸಿಕೊಟ್ಟಳು. ಮತ್ತೆ ಮುಳುಗಿಸಿದರು. ಈ ಸಲ ಗುಳ್ಳೆ ಎದ್ದಿತು, ಆದರೆ ಸಾಲದು. ಹಾಗೆ ಹಲವು ಸಲ. ಕೊನೆಗೊಮ್ಮೆ ಗುಳ್ಳೆಗಳು ಒಂದೇ ಸಮನೆ, ಅವಸರ ಇಲ್ಲದೆ ಬಂದವು. ಮುಖ ಎತ್ತಿ, ರೆಪ್ಪೆಯ ನೀರು ಒರೆಸಿಕೊಳ್ಳದೆಯೇ, "ಐದಾಯ್ತು" ಅಂದರು. ಅಂದವರೇ ಮೆಟ್ಟಿಲು ಹತ್ತಿ ಮೇಲೆ ಬಂದುಬಿಟ್ಟರು.

"ಇನ್ನೂ ಟೈಮ್ ಇದೆಯಲ್ಲ ಚಿಕ್ಕಮ್ಮ?" ಅಂದೆ. "ಇವತ್ತಿಂದು ಆಯ್ತು ಕಣೋ. ಮುಂದಿನ ಸಲ ಎಂಟು" ಅಂದರು. ಟವೆಲ್ ಹೊದ್ದು ಕೂತು ಮಕ್ಕಳು ಈಜುವುದನ್ನು ನೋಡುತ್ತಿದ್ದರು. ಮುಖದಲ್ಲಿ ಇದ್ದದ್ದು ಹೆಮ್ಮೆ. ಇನ್ನೂ ಒಂದಡಿಯೂ ಈಜಿರಲಿಲ್ಲ, ನೆನಪಿಡಿ.

ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶುಂಕ್ 1981ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದಾಗ ನನಗೆ ಆ ಬೆಳಗ್ಗೆ ನೆನಪಾಯಿತು. ಏಳರಿಂದ ಹತ್ತು ವರ್ಷದ ಮಕ್ಕಳು. ಲೆಕ್ಕದಲ್ಲಿ ಹಿಂದುಳಿದವರು, ಲೆಕ್ಕವೆಂದರೆ ಆಸಕ್ತಿಯೂ ಇಲ್ಲದವರು. ಕಳೆಯುವ ಲೆಕ್ಕದ 42 ಪುಟ ಕೊಟ್ಟರು, ಏಳು ಅವಧಿ. ಕೆಲವರಿಗೆ "ಪ್ರತಿ ಅವಧಿಗೆ ಆರು ಪುಟ ಮಾಡಲು ನೋಡಿ" ಅಂದರು. ಇನ್ನು ಕೆಲವರಿಗೆ "ಏಳನೇ ಅವಧಿ ಮುಗಿಯುವಷ್ಟರಲ್ಲಿ 42 ಪುಟ" ಅಂದರು. ಗುಣಿಸಿ ನೋಡಿದರೆ ಎರಡೂ ಒಂದೇ. ಆದರೆ ಆರು ಪುಟದ ಗುರಿ ಇದ್ದ ಮಕ್ಕಳು ಬೇಗ ಮುಂದೆ ಹೋದರು, ಚೆನ್ನಾಗಿ ಕಲಿತರು, ನನ್ನ ಕೈಲಿ ಆಗುತ್ತದೆ ಅನ್ನುವ ಧೈರ್ಯ ಅವರಲ್ಲಿ ಬೆಳೆಯಿತು. ಆಮೇಲೆ ಯಾರೂ ಹೇಳದಿದ್ದರೂ ಅವರಾಗಿ ಕಳೆಯುವ ಲೆಕ್ಕ ಆರಿಸಿಕೊಂಡು ಮಾಡಿದರು. ಈ ಕೊನೆಯ ಸಂಗತಿ ನನಗೆ ದೊಡ್ಡದು ಅನ್ನಿಸುತ್ತದೆ. ಆಸಕ್ತಿ ಇದ್ದರೆ ಗುರಿ ಮುಟ್ಟುತ್ತೇವೆ ಅಂತ ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಚಿಕ್ಕ ಗುರಿ ಮುಟ್ಟಿದ್ದರಿಂದ ಆಸಕ್ತಿ ಹುಟ್ಟಿತು. ಇಷ್ಟವಾದದ್ದು ಸಿಗಲಿ ಅಂತ ಕಾಯುತ್ತಾ ಕೂರುವವರಿಗೆ, ಮುಖ್ಯವಾಗಿ ಹರೆಯದವರಿಗೆ, ಈ ಪ್ರಯೋಗವನ್ನು ಹೇಳಬೇಕು ಅಂತ ನನಗೆ ತುಂಬ ಅನ್ನಿಸುತ್ತದೆ.

ಚಿಕ್ಕಮ್ಮ ಮಾಡಿದ್ದೂ ಅದನ್ನೇ. "ಈಜು ಕಲಿಯಬೇಕು" ಅನ್ನುವುದಕ್ಕೆ ಮುಗಿಯುವ ಹೊತ್ತು ಇಲ್ಲ. ಅದನ್ನು ಹಿಡಿದು ಕೊಳಕ್ಕೆ ಇಳಿದಿದ್ದರೆ ಪ್ರತಿ ದಿನವೂ ಸೋತೇ ಮೇಲೆ ಬರಬೇಕಿತ್ತು. ಐದು ಎಣಿಸುವುದು ಅವತ್ತೇ ಮುಗಿಯುತ್ತದೆ. ಮುಗಿದ ಮೇಲೆ ನಿಲ್ಲಿಸಿದ್ದನ್ನೂ ನಾನು ಮರೆತಿಲ್ಲ. ಉತ್ಸಾಹ ಇದ್ದಾಗಲೇ ಎಲ್ಲ ಮಾಡಿಬಿಡೋಣ ಅನ್ನುವವರು ಜಾಸ್ತಿ. ಅವರು ಮೊದಲ ವಾರ ದಣಿದು ಎರಡನೇ ವಾರ ಬರುವುದಿಲ್ಲ. ಕೆಲವು ತಿಂಗಳಾದ ಮೇಲೆ ಚಿಕ್ಕಮ್ಮ ಕೊಳದ ಅಗಲವನ್ನು ಒಂದೇ ಉಸಿರಿಗಲ್ಲದಿದ್ದರೂ ಒಂದೇ ಸಲಕ್ಕೆ ದಾಟಿದರು.

ಹೊತ್ತು ಗೊತ್ತುಮಾಡುವುದು

ಇನ್ನು ಹೊತ್ತಿನ ವಿಷಯಕ್ಕೇ ಬರುತ್ತೇನೆ. ಪೀಟರ್ ಗೋಲ್‌ವಿಟ್ಜರ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಒಂದು ಸರಳ ಮಾತು ಹೇಳಿದರು. ಏನು ಮಾಡುತ್ತೇನೆ ಅಂತ ಮಾತ್ರ ಗೊತ್ತುಮಾಡಿಕೊಂಡರೆ ಸಾಲದು. ಯಾವಾಗ, ಎಲ್ಲಿ, ಹೇಗೆ ಅಂತಲೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇದನ್ನು ಪರೀಕ್ಷಿಸಿದ ಅಧ್ಯಯನಗಳು ಹಲವು. 2002ರಲ್ಲಿ ಸಾರಾ ಮಿಲ್ನ್ ಮತ್ತು ಸಂಗಡಿಗರು ಬ್ರಿಟನ್ನಿನ ವಿದ್ಯಾರ್ಥಿಗಳ ಮೇಲೆ ನಡೆಸಿದ್ದು ಎಲ್ಲಕ್ಕಿಂತ ಕಣ್ಣಿಗೆ ಹೊಡೆಯುವಂಥದ್ದು. ಮುಂದಿನ ವಾರದಲ್ಲಿ ಒಂದು ಸಲವಾದರೂ ಇಪ್ಪತ್ತು ನಿಮಿಷ ಚೆನ್ನಾಗಿ ಬೆವರುವಷ್ಟು ವ್ಯಾಯಾಮ ಮಾಡಬೇಕು. ಒಂದು ಗುಂಪಿಗೆ ವ್ಯಾಯಾಮದ ಬಗ್ಗೆ ಏನೂ ಓದಿಸಲಿಲ್ಲ. ಅವರಲ್ಲಿ ಶೇಕಡಾ 38 ಮಂದಿ ಮಾಡಿದರು. ಇನ್ನೊಂದು ಗುಂಪಿಗೆ ಹೃದಯದ ಕಾಯಿಲೆ, ವ್ಯಾಯಾಮದ ಲಾಭ ಎಲ್ಲ ಓದಿಸಿ ಮನಸ್ಸು ಬರುವ ಹಾಗೆ ಮಾಡಿದರು. ಅವರಲ್ಲಿ ಮಾಡಿದವರು ಶೇಕಡಾ 35. ಮೂರನೇ ಗುಂಪಿಗೆ ಅದನ್ನೇ ಓದಿಸಿ, ಜೊತೆಗೆ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಮಾಡುತ್ತೀರಿ ಅಂತ ಬರೆಸಿದರು. ಅವರಲ್ಲಿ ಶೇಕಡಾ 91 ಮಂದಿ ಮಾಡಿದರು. ಎರಡನೇ ಗುಂಪಿನವರಿಗೂ ಮನಸ್ಸು ಇತ್ತು ಅನ್ನುವುದನ್ನು ಮರೆಯಬೇಡಿ. ಅವರು ಮಾಡಬೇಕು ಅಂತಲೇ ಅಂದುಕೊಂಡಿದ್ದರು.

ಎಲ್ಲ ಕಡೆ ಪರಿಣಾಮ ಇಷ್ಟು ದೊಡ್ಡದಾಗಿ ಬರುವುದಿಲ್ಲ, ಅದನ್ನೂ ಹೇಳಬೇಕು. 2011ರಲ್ಲಿ ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು ಅಮೆರಿಕದ ಕಂಪನಿಯೊಂದರಲ್ಲಿ ಫ್ಲೂ ಲಸಿಕೆಯ ನೆನಪೋಲೆ ಕಳಿಸಿದರು. ಕೆಲವು ಓಲೆಗಳಲ್ಲಿ ಹೋಗುವ ದಿನ ಮತ್ತು ಗಂಟೆಯನ್ನು ಬರೆದುಕೊಳ್ಳಲು ಜಾಗ ಇತ್ತು. ಅದರಿಂದ ನೂರಕ್ಕೆ ನಾಲ್ಕು ಜನ ಜಾಸ್ತಿ ಲಸಿಕೆ ಹಾಕಿಸಿಕೊಂಡರು, ಅಷ್ಟೇ. ದಿನ ಮಾತ್ರ ಬರೆಸಿದಾಗ ಅಷ್ಟೂ ಆಗಲಿಲ್ಲ. ಒಂದು ಖಾಲಿ ಗೆರೆಯಿಂದ ನಾಲ್ಕು ಜನ ಅಂದರೆ ನನ್ನ ಮಟ್ಟಿಗೆ ಅದೂ ಸಣ್ಣದಲ್ಲ.

ಗಂಟೆ ಗೊತ್ತುಮಾಡಿದ ಮೇಲೆ ಇನ್ನೊಂದು ಪೆಟ್ಟು ಕಾದಿರುತ್ತದೆ. ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅನ್ನುವ ನಮ್ಮ ಅಂದಾಜು ಯಾವಾಗಲೂ ಕಡಿಮೆ. 1994ರಲ್ಲಿ ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್, ಮೈಕೆಲ್ ರಾಸ್ ಪ್ರಕಟಿಸಿದ ಅಧ್ಯಯನದಲ್ಲಿ ಪದವಿಯ ಪ್ರಬಂಧ ಬರೆಯುವ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದ್ದರು. ಸರಾಸರಿ 33.9 ದಿನ ಅಂದರು. ಎಲ್ಲವೂ ಕೆಟ್ಟುಹೋದರೆ? 48.6 ದಿನ ಅಂದರು. ನಿಜಕ್ಕೂ ಹಿಡಿದದ್ದು 55.5 ದಿನ. ಎಲ್ಲ ಕೆಟ್ಟರೂ ಇಷ್ಟೇ ಅಂತ ಅಂದುಕೊಂಡದ್ದಕ್ಕಿಂತಲೂ ಜಾಸ್ತಿ! ಹಿಂದೆ ಇಂಥ ಕೆಲಸಕ್ಕೆ ಎಷ್ಟು ಹೊತ್ತು ಹಿಡಿದಿತ್ತು ಅನ್ನುವುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಈ ಸಲದ್ದು ಬೇರೆ ಅನ್ನಿಸುತ್ತದೆ. ಹಾಗಾಗಿ ಯಾರಾದರೂ ಒಂದು ವರ್ಷದಲ್ಲಿ ಇಷ್ಟೆಲ್ಲ ಅಂದರೆ ನಾನು ಪಟ್ಟಿಯನ್ನು ಅರ್ಧ ಮಾಡಿ ಅನ್ನುತ್ತೇನೆ. ಹುರುಪು ಕುಗ್ಗಿಸಲು ಹಾಗೆ ಹೇಳುವುದಿಲ್ಲ. ಉಳಿದ ಅರ್ಧವಾದರೂ ಆಗಲಿ ಅನ್ನುವ ಆಸೆಯಿಂದ.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅನ್ನುವ ಮಾತಿಗೂ ಇಲ್ಲೇ ಒಂದು ಉತ್ತರ ಇದೆ. ಅದು 1960ರಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬರು ತಮ್ಮ ರೋಗಿಗಳನ್ನು ನೋಡಿ ಬರೆದ ಮಾತು. ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ ಅಷ್ಟು ದಿನ ಬೇಕು ಅನ್ನುವ ಅರ್ಥದಲ್ಲಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ನೋಡಿದಾಗ ಅಭ್ಯಾಸ ಬೇರೂರಲು ಹಿಡಿದ ಕಾಲದ ಮಧ್ಯಬಿಂದು 66 ದಿನ, ಅಂದರೆ ಅರ್ಧ ಜನಕ್ಕೆ ಅದಕ್ಕಿಂತ ಕಡಿಮೆ, ಅರ್ಧ ಜನಕ್ಕೆ ಜಾಸ್ತಿ. ವ್ಯಾಪ್ತಿ 18ರಿಂದ 254 ದಿನ. ಈಗ ಎಲ್ಲರೂ 66 ಅಂತ ಹೇಳಲು ಶುರುಮಾಡಿದ್ದಾರೆ, ಅದೂ ಸರಿಯಲ್ಲ. 18 ಮತ್ತು 254ರ ನಡುವೆ ನೀವು ಎಲ್ಲಿದ್ದೀರಿ ಅಂತ ಯಾರಿಗೂ ಮೊದಲೇ ತಿಳಿಯುವುದಿಲ್ಲ. ಅದೇ ಅಧ್ಯಯನ ಹೇಳಿದ ಇನ್ನೊಂದು ವಿಷಯ ಜಾಸ್ತಿ ಉಪಯೋಗದ್ದು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳುವುದಿಲ್ಲ. ಒಂದು ದಿನ ತಪ್ಪಿತು, ಇನ್ನೇನು ಎಲ್ಲ ಹಾಳಾಯ್ತು ಅಂತ ಪೂರ್ತಿ ಬಿಟ್ಟುಬಿಡುವವರು ಎಷ್ಟಿದ್ದಾರೆ! ಅವರಿಗೆ ಈ ಒಂದು ಸಂಗತಿ ತಲುಪಿದರೆ ಸಾಕು.

ಯಾವುದನ್ನು ಬಿಡುವುದು?

ಹೊತ್ತು ಅಂದ ಕೂಡಲೇ ಬಿಡುವ ಮಾತು ಬರಲೇಬೇಕು. ದಿನ ತುಂಬಿಯೇ ಇರುತ್ತದೆ. ಅದರೊಳಗೆ ಒಂದು ಗಂಟೆ ಹೊಸದಕ್ಕೆ ಬೇಕಾದರೆ ಹಳೆಯದು ಏನೋ ಹೋಗಬೇಕು. ಫೋನ್ ನೋಡುವ ಹೊತ್ತು ಹೋದರೆ ಒಳ್ಳೆಯದೇ. ಎಷ್ಟೋ ಸಲ ಹೋಗಬೇಕಾದದ್ದು ಇನ್ನೊಂದು ಗುರಿ. ಅದೂ ಒಳ್ಳೆಯ ಗುರಿಯೇ.

ನನ್ನ ಗೆಳೆಯನೊಬ್ಬ ಕೆಲಸ ಮಾಡುತ್ತಲೇ ಡಾಕ್ಟರೇಟ್‌ಗೆ ಸೇರಿದ್ದ. ಮೊದಲು ತುಂಬ ಆಸೆಯಿಂದ ಮಾಡಿದ. ಆಮೇಲೆ ವಿಷಯದ ಮೇಲಿನ ಆಸೆ ಹೋಯಿತು, ಆಸೆ ಹೋದದ್ದನ್ನು ಒಪ್ಪಿಕೊಳ್ಳಲು ಆಗಲಿಲ್ಲ. ಪ್ರತಿ ಶನಿವಾರ ಮೇಜಿನ ಮುಂದೆ ಕೂರುತ್ತಿದ್ದ. ಫೈಲ್ ತೆರೆಯುತ್ತಿದ್ದ. ಒಂದು ಸಾಲು ಬರೆದು ಎರಡು ಸಾಲು ಅಳಿಸುತ್ತಿದ್ದ. ಹೊರಗೆ ಕರೆದರೆ "ಥೀಸಿಸ್ ಇದೆ" ಅನ್ನುತ್ತಿದ್ದ. ಆ ಮಾತು ಕೇಳುವವರಿಗೆ ಶ್ರದ್ಧೆಯ ಹಾಗೆ ಕೇಳಿಸುತ್ತಿತ್ತು. ಹೀಗೆ ವರ್ಷಗಳು ಹೋದವು. ಒಂದು ದಿನ ಊಟ ಮಾಡುತ್ತಾ ತಲೆ ಎತ್ತದೆ, "ಬಿಟ್ಟೆ" ಅಂದ. ಮನೆಯವರಿಗೆ ಹೇಳಿದೆಯಾ ಅಂದೆ. "ಅವರಿಗೆ ಹೇಳೋದು ಸುಲಭ. ನನಗೆ ನಾನು ಹೇಳ್ಕೊಳ್ಳೋದೇ ಕಷ್ಟ ಆಗಿತ್ತು" ಅಂದ. ಹಿಡಿದ ಕೆಲಸ ಬಿಡಬಾರದು ಅಂತ ನಾವು ಕೇಳುತ್ತಾ ಬೆಳೆದಿರುತ್ತೇವೆ. ಬಿಡುವುದನ್ನು ಯಾರೂ ಕಲಿಸುವುದಿಲ್ಲ.

ಕಾರ್ಸ್ಟನ್ ರಾಶ್ ಅನ್ನುವ ಸಂಶೋಧಕರು ಇದನ್ನೇ ಅಧ್ಯಯನ ಮಾಡಿದ್ದಾರೆ. 2003ರಲ್ಲಿ ಅವರು ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದ ಸಾರ: ಕೈಗೂಡದ ಗುರಿಯನ್ನು ಬಿಡಬಲ್ಲವರು, ಬೇರೆ ಅರ್ಥವುಳ್ಳ ಗುರಿಯತ್ತ ತಿರುಗಬಲ್ಲವರು, ಜಾಸ್ತಿ ನೆಮ್ಮದಿಯಿಂದ ಇರುತ್ತಾರೆ. 2007ರಲ್ಲಿ ಗ್ರೆಗರಿ ಮಿಲ್ಲರ್ ಜೊತೆ ಮಾಡಿದ ಕೆಲಸ ಇನ್ನೂ ಬೆರಗು ಹುಟ್ಟಿಸುತ್ತದೆ. ಹದಿಹರೆಯದ ಹುಡುಗಿಯರನ್ನು ಒಂದು ವರ್ಷದ ಕಾಲ ಗಮನಿಸಿದರು. ಮುಟ್ಟಲಾಗದ ಗುರಿಯನ್ನು ಬಿಡಲು ಕಷ್ಟಪಡುವವರ ರಕ್ತದಲ್ಲಿ ಉರಿಯೂತವನ್ನು ತೋರಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಜಾಸ್ತಿ ಏರುತ್ತಾ ಹೋಗಿತ್ತು. ಒಂದೇ ಅಧ್ಯಯನದಿಂದ ದೊಡ್ಡ ತೀರ್ಮಾನಕ್ಕೆ ಹೋಗಬಾರದು. ಆದರೂ ಬಿಡದೆ ಹಿಡಿದದ್ದರ ಭಾರ ಮೈಗೂ ತಗಲುತ್ತದೆ ಅನ್ನುವುದನ್ನು ನಾನು ಗೆಳೆಯನ ಮುಖದಲ್ಲೇ ನೋಡಿದ್ದೆ.

ಯಾವುದನ್ನು ಬಿಡಬೇಕು, ಯಾವುದನ್ನು ಕಷ್ಟವಾದರೂ ಹಿಡಿಯಬೇಕು? ಇದಕ್ಕೆ ಸೂತ್ರ ಇದೆ ಅಂತ ನಾನು ನಂಬುವುದಿಲ್ಲ. ನಾನು ಕೇಳಿಕೊಳ್ಳುವುದು ಒಂದನ್ನು. ಇದು ಮುಗಿದದ್ದು ನನಗೆ ಬೇಕಾ, ಇದನ್ನು ಮಾಡುವುದು ಬೇಕಾ? ಮುಗಿದದ್ದು ಮಾತ್ರ ಬೇಕು, ಮಾಡುವ ಒಂದೊಂದು ಗಂಟೆಯೂ ಬೇಡ ಅನ್ನಿಸಿದರೆ ಯೋಚಿಸಬೇಕು. ಸಾಲ ತೀರಿಸುವಂಥ ಗುರಿಗೆ ಈ ಪ್ರಶ್ನೆ ಸಲ್ಲುವುದಿಲ್ಲ, ಅದು ಬೇಡವಾದರೂ ಮಾಡಬೇಕಾದದ್ದು. ಕಲಿಕೆಗೆ, ಕಲೆಗೆ, ಬರವಣಿಗೆಗೆ ಸಲ್ಲುತ್ತದೆ. ಗೆಳೆಯನ ಶನಿವಾರಗಳು ಈಗ ಖಾಲಿ. ಖಾಲಿ ಇರುವುದರಿಂದಲೇ ಅವನು ಮತ್ತೆ ಓದಲು ಶುರುಮಾಡಿದ್ದಾನೆ, ಅದೇ ವಿಷಯವನ್ನು, ಯಾವ ಗಡುವೂ ಇಲ್ಲದೆ.

ಹೊತ್ತೇ ಇಲ್ಲದವರು

ಇಷ್ಟು ಬರೆಯುವಾಗ ಒಂದು ವಿಷಯ ನನ್ನನ್ನು ಚುಚ್ಚುತ್ತಲೇ ಇದೆ. ಹೊತ್ತು ಗೊತ್ತುಮಾಡಿ ಅಂತ ಹೇಳುವುದು, ತನ್ನ ಹೊತ್ತು ತನ್ನ ಕೈಯಲ್ಲಿ ಇರುವವರಿಗೆ ಹೇಳುವ ಮಾತು. ಹಸುಗೂಸಿನ ತಾಯಿಗೆ ಸಂಜೆ ಆರು ಗಂಟೆ ಅವಳದ್ದಲ್ಲ. ವಾರ ವಾರ ಶಿಫ್ಟ್ ಬದಲಾಗುವವನಿಗೆ ಮಂಗಳವಾರ ಹೇಗಿರುತ್ತದೆ ಅಂತ ಸೋಮವಾರವೂ ಗೊತ್ತಿರುವುದಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ರಾತ್ರಿಯೂ ಸ್ವಂತದ್ದಲ್ಲ. ಗುರಿಗಳ ಬಗ್ಗೆ ಬರುವ ಬಹುಪಾಲು ಸಲಹೆಗಳು ಇವರನ್ನು ಕಾಣುವುದೇ ಇಲ್ಲ. ಬೆಳಿಗ್ಗೆ ಐದಕ್ಕೆ ಏಳಿ ಅನ್ನುತ್ತವೆ. ರಾತ್ರಿ ನಾಲ್ಕು ಸಲ ಎದ್ದವಳಿಗೆ ಐದಕ್ಕೆ ಏಳು ಅನ್ನುವುದು ಕ್ರೂರ ಅಂತ ನನಗನ್ನಿಸುತ್ತದೆ. ಅವಳಿಗೆ ಮನಸ್ಸಿಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಚಿಕ್ಕಮ್ಮನ ಈಜಿನ ವಿಷಯದಲ್ಲಿ ನಾನು ಇನ್ನೂ ಹೇಳದಿರುವುದು ಒಂದಿದೆ. ಆ ದಿನಗಳಲ್ಲಿ ಅವರ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದರು. ಬೆಳಗಿನ ಹೊತ್ತೇ ಜಾಸ್ತಿ ಕೆಲಸ. ಎಬ್ಬಿಸಬೇಕು, ಮುಖ ತೊಳೆಸಬೇಕು, ಮಾತ್ರೆ ಕೊಡಬೇಕು. ವಾರದಲ್ಲಿ ಮೂರು ದಿನ ಆರರಿಂದ ಏಳರವರೆಗೆ ಅದನ್ನೆಲ್ಲ ಚಿಕ್ಕಪ್ಪ ಮಾಡುತ್ತಿದ್ದರು. ಚಿಕ್ಕಮ್ಮ ಕೇಳಿದ್ದರಿಂದ ಅಲ್ಲ. ಚಿಕ್ಕಪ್ಪನೇ "ಯಾವ ದಿನ ಹೋಗ್ತೀಯ ಹೇಳು, ನಾನು ಅಮ್ಮನ್ನ ನೋಡ್ಕೋತೀನಿ" ಅಂದಿದ್ದರಂತೆ. ಮೊದಲ ವಾರ ಮಾತ್ರೆಗಳ ಡಬ್ಬಿಯ ಮೇಲೆ ಯಾವುದು ಯಾವಾಗ ಅಂತ ಚೀಟಿ ಅಂಟಿಸಿಕೊಂಡಿದ್ದರು. ಹೀಗೆ ಮುಖ ಮುಳುಗಿಸಿ ಐದು ಎಣಿಸುವ ಹೊತ್ತನ್ನು ಇನ್ನೊಬ್ಬರು ಎತ್ತಿ ಕೊಟ್ಟಿದ್ದರು. ನಮ್ಮ ಮನೆಗಳಲ್ಲಿ ಯಾರಾದರೂ ಗುರಿ ಹೇಳಿಕೊಂಡಾಗ ನಾವು ಸಾಮಾನ್ಯವಾಗಿ ಶಾಭಾಸ್ ಅನ್ನುತ್ತೇವೆ, ಇಲ್ಲವೇ ಇದೆಲ್ಲ ಎಷ್ಟು ದಿನ ಅನ್ನುತ್ತೇವೆ. ಯಾವ ದಿನ, ನಾನೇನು ನೋಡಿಕೊಳ್ಳಲಿ ಅಂತ ಕೇಳುವವರು ಕಡಿಮೆ.

ಹೋದ ವರ್ಷ ನನ್ನ ತಂಗಿ ಇಲಾಖೆಯ ಪರೀಕ್ಷೆಗೆ ಓದಬೇಕು ಅಂದಳು. ಅವಳಿಗೆ ಎರಡು ವರ್ಷದ ಮಗು. ವೇಳಾಪಟ್ಟಿ ಹಾಕು ಅಂತ ನಾನು ಹೇಳಲಿಲ್ಲ. ಯಾವ ಹೊತ್ತು ಕೊಟ್ಟರೆ ಅನುಕೂಲ ಅಂತ ಕೇಳಿದೆ. ಅವಳಿಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಅವಳ ಗಂಡನ ಕೆಲಸದ ದಿನಗಳು, ಮಗು ಮಲಗುವ ಹೊತ್ತು, ನನ್ನ ಬಿಡುವು ಎಲ್ಲ ಹೊಂದಿಸಿ ನೋಡಿದ ಮೇಲೆ ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೊಂದು ಸಿಕ್ಕಿತು. ಬುಧವಾರ ರಾತ್ರಿ ಒಂದೂವರೆ ಗಂಟೆ ಅವಳ ಗಂಡ ಕೊಟ್ಟ. ಭಾನುವಾರ ಮಗು ನನ್ನ ಜೊತೆ ಇರುತ್ತದೆ. ಮೊದಲ ಎರಡು ಭಾನುವಾರ ಅವಳು ಓದಲಿಲ್ಲ, ಮಲಗಿಬಿಟ್ಟಳು. ಅದೂ ಬೇಕಿತ್ತು ಅಂತ ನಾವ್ಯಾರೂ ಏನೂ ಹೇಳಲಿಲ್ಲ. ಮೂರನೇ ಭಾನುವಾರದಿಂದ ಓದುತ್ತಿದ್ದಾಳೆ. ಮೊದಲ ಪೇಪರ್ ಆಗಿದೆ, ಇನ್ನು ಎರಡು ಬಾಕಿ.